ಟಿಕೆಟ್ ಕೈಯಲ್ಲಿದ್ದರೂ 60 ಯೂರೋ ದಂಡ: ಜರ್ಮನಿಗೆ ಹೊರಟವರೇ, ಸ್ವಲ್ಪ ನೋಡಿ

ಬಳ್ಳಾರಿ, ರಾಯಚೂರು ಕಡೆಯಿಂದ ಜರ್ಮನಿಗೆ ಓದಲು ಹೋಗುವವರೂ ಅವರನ್ನು ನೋಡಲು ಹೋಗುವ ಅಪ್ಪ-ಅಮ್ಮಂದಿರೂ ಮೊದಲ ವಾರದಲ್ಲೇ ಕೈ ಸುಟ್ಟುಕೊಳ್ಳುವ ಜಾಗ ಲೋಕಲ್ ರೈಲು. ಅದೂ ದುಡ್ಡು ಕೊಟ್ಟು ಟಿಕೆಟ್ ತೆಗೆಸಿ, ಜೋಪಾನವಾಗಿ ಪರ್ಸಿನಲ್ಲಿಟ್ಟುಕೊಂಡ ಮೇಲೆ.

ಬಳ್ಳಾರಿ ಸ್ಟೇಷನ್ನಿನಲ್ಲಿ ಗುಂತಕಲ್‌ಗೆ ಜನರಲ್ ಟಿಕೆಟ್ ತೆಗೆಸಿದರೆ ತಾರೀಕು, ಸಮಯ ಅದರ ಮೇಲೇ ಅಚ್ಚಾಗಿ ಬರುತ್ತದೆ. ಬರ್ಲಿನ್, ಮ್ಯೂನಿಕ್‌ನಲ್ಲಿ ಮಷಿನ್ನಿನಿಂದ ತೆಗೆದ ಕಾಗದದ ಟಿಕೆಟ್ಟಿಗೆ ಎಷ್ಟೋ ಸಲ ನೀವೇ ಮುದ್ರೆ ಒತ್ತಬೇಕು. ಪ್ಲಾಟ್‌ಫಾರ್ಮಿನಲ್ಲೋ ಅಲ್ಲಿಗೆ ಹೋಗುವ ದಾರಿಯಲ್ಲೋ ಸೀಳುಬಾಯಿಯ ಚಿಕ್ಕ ಪೆಟ್ಟಿಗೆ ಇರುತ್ತದೆ, ಹೆಸರು ಎಂಟ್‌ವೆರ್ಟರ್. ಟಿಕೆಟ್ಟಿನ ತುದಿ ಒಳಗೆ ತೂರಿಸಿ; ಟಕ್ ಎಂದು ತಾರೀಕು, ಸಮಯ ಬೀಳುತ್ತದೆ. ಬಿದ್ದಿದೆಯೋ ಇಲ್ಲವೋ ಕಣ್ಣಾರೆ ನೋಡಿ. ಮುದ್ರೆಯಿಲ್ಲದ ಟಿಕೆಟ್ಟನ್ನು ನಾಳೆಯೂ ಬಳಸಬಹುದು, ನಾಡಿದ್ದೂ ಬಳಸಬಹುದು. ಅದಕ್ಕೇ ತಪಾಸಣೆಯವರ ಲೆಕ್ಕದಲ್ಲಿ ಅದು ಟಿಕೆಟ್ಟೇ ಅಲ್ಲ. ಸ್ಟೇಷನ್ನಿನಲ್ಲಿ ಗೇಟೂ ಇರುವುದಿಲ್ಲ, ತಡೆಯುವವರೂ ಇರುವುದಿಲ್ಲ, ಸೀದಾ ಹತ್ತಿಬಿಡುತ್ತೀರಿ. ಪಕ್ಕದ ಸೀಟಿನಲ್ಲಿ ಜೀನ್ಸ್ ತೊಟ್ಟು ಕೂತವರೇ ಎದ್ದು ಕಾರ್ಡು ತೋರಿಸಿ ಟಿಕೆಟ್ ಕೇಳಬಹುದು. “ಗೊತ್ತಿರಲಿಲ್ಲ ಸಾರ್” ಅಲ್ಲಿ ನಡೆಯುವುದಿಲ್ಲ. 60 ಯೂರೋ, ನಮ್ಮ ಲೆಕ್ಕದಲ್ಲಿ ಆರು ಸಾವಿರದ ಆಸುಪಾಸು.

ಮೊಬೈಲಿನಲ್ಲಿ ತೆಗೆಯುವುದಾದರೆ ರೈಲು ಹತ್ತುವ ಮೊದಲೇ ತೆಗೆಯಿರಿ. ಬೋಗಿಯ ಮೇಲೆ ದೊಡ್ಡದಾಗಿ 1 ಎಂದಿದ್ದರೆ ಅದು ಫಸ್ಟ್ ಕ್ಲಾಸ್, ಖಾಲಿ ಕಂಡರೂ ಕೂರಬೇಡಿ.

ಮಗ ಡಾಯ್ಚ್‌ಲಾಂಡ್ ಟಿಕೆಟ್ ಎಂಬ ತಿಂಗಳ ಪಾಸು ಮಾಡಿಸಿದ್ದಾನೆ ಎಂದು ಅಮ್ಮ ಜೊತೆಗೆ ಹತ್ತುವ ಹಾಗಿಲ್ಲ. ಅದು ಒಬ್ಬರ ಹೆಸರಿನದು. ದೇಶವಿಡೀ ಲೋಕಲ್ ರೈಲು, ಬಸ್ಸು, ಟ್ರಾಮಿಗೆ ನಡೆಯುತ್ತದೆ, ಆದರೆ ದೂರದ ಊರುಗಳಿಗೆ ಓಡುವ ಐಸಿಇ, ಐಸಿ ಎಂಬ ವೇಗದ ರೈಲುಗಳಿಗೆ ಸಾಮಾನ್ಯವಾಗಿ ಇಲ್ಲ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾದದ್ದು 2025ರಲ್ಲಿ 58 ಇತ್ತು. ಇದು ತಿಂಗಳ ಚಂದಾ. ಆ ತಿಂಗಳಿಗೇ ಮುಗಿಸಬೇಕೆಂದರೆ 10ನೇ ತಾರೀಕಿನೊಳಗೆ ರದ್ದು ಮಾಡಬೇಕು, ಮರೆತರೆ ನೀವು ಸಿಂಧನೂರಿಗೆ ವಾಪಸು ಬಂದ ಮೇಲೂ ಖಾತೆಯಿಂದ ಹಣ ಹೋಗುತ್ತದೆ.

ಇನ್ನೊಂದು, ದಾರಿಯಲ್ಲಿ ಬೋಗಿಗಳು ಬೇರೆಬೇರೆಯಾಗಿ ಬೇರೆ ಊರುಗಳಿಗೆ ಹೋಗುವ ರೈಲು. ಮ್ಯೂನಿಕ್‌ನಿಂದ ಟೇಗರ್ನ್‌ಜೇ ಸರೋವರಕ್ಕೆ ಹೋಗುವ ಗಾಡಿ ಹೋಲ್ಟ್ಸ್‌ಕಿರ್ಶನ್‌ನಲ್ಲಿ ಒಮ್ಮೆ, ಶಾಫ್ಟ್‌ಲಾಖ್‌ನಲ್ಲಿ ಇನ್ನೊಮ್ಮೆ ಬೇರೆಯಾಗಿ ಮೂರು ಊರಿಗೆ ಹೋಗುತ್ತದೆ. ರೈಲು ಸರಿ, ಪ್ಲಾಟ್‌ಫಾರ್ಮ್ ಸರಿ, ಬೋಗಿ ತಪ್ಪು! ಬಾಗಿಲ ಬಳಿಯ ಫಲಕದಲ್ಲಿ ಊರ ಹೆಸರು ಓದಿಯೇ ಹತ್ತಿ.

ಇಷ್ಟಾಗಿಯೂ ಸಿಕ್ಕಿಬಿದ್ದರೆ ವಾದಕ್ಕಿಳಿಯದೆ ಪಾಸ್‌ಪೋರ್ಟ್ ತೋರಿಸಿ ದಂಡದ ಚೀಟಿ ಇಸಿದುಕೊಳ್ಳಿ, ಅದರಲ್ಲಿರುವ ಗಡುವಿನೊಳಗೆ ಕಟ್ಟಿ. ನಿಮ್ಮ ಹೆಸರಿನ ಪಾಸು ಚಾಲ್ತಿಯಲ್ಲಿದ್ದು ಮೊಬೈಲ್ ಚಾರ್ಜ್ ಮುಗಿದಿತ್ತಷ್ಟೇ ಎಂದಾದರೆ ಆಮೇಲೆ ಆ ರೈಲು ಸಂಸ್ಥೆಯ ಕಚೇರಿಯಲ್ಲಿ ಪಾಸು ತೋರಿಸಿ. 60ರ ಬದಲು ಸಾಮಾನ್ಯವಾಗಿ 7 ಯೂರೋದಲ್ಲಿ ಮುಗಿಯುತ್ತದೆ. ಮುದ್ರೆ ಮರೆತ ಟಿಕೆಟ್ಟಿಗೆ ಈ ರಿಯಾಯಿತಿ ಇಲ್ಲ.