ಮಲಗುವ ಕೋಣೆಯಲ್ಲಿ ತುಂಬಿಸಿದ ಕ್ಯಾಸೆಟ್: ಸ್ಪ್ರಿಂಗ್‌ಸ್ಟೀನ್ ಅವರ ‘ನೆಬ್ರಾಸ್ಕಾ’

ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ ‘ನೆಬ್ರಾಸ್ಕಾ’ ಆಲ್ಬಮ್ಮನ್ನು ದಯವಿಟ್ಟು ಬ್ಲೂಟೂತ್ ಸ್ಪೀಕರಿನಲ್ಲಿ ಬೇಸ್ ಏರಿಸಿ ಕೇಳಬೇಡಿ. ರಾತ್ರಿ ಊಟ ಆದಮೇಲೆ ಇಯರ್‌ಫೋನ್ ಹಾಕಿಕೊಂಡು ಒಬ್ಬರೇ ಕೂತು ಕೇಳಿ. ನಾನು ಹಾಸನದಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವವನು. ಅದಕ್ಕೂ ಮೊದಲು ಕಟ್ಟಿನಕೆರೆ ಮಾರ್ಕೆಟ್ ಹತ್ತಿರ ಕ್ಯಾಸೆಟ್ಟಿಗೆ ಹಾಡು ತುಂಬಿಸಿಕೊಡುವ ಅಂಗಡಿಯಲ್ಲಿದ್ದೆ. ಹಾಗಾಗಿ ಯಾವ ಹಾಡು ಕೇಳಿದರೂ ಇದನ್ನ ಹೇಗೆ ರೆಕಾರ್ಡ್ ಮಾಡಿರಬಹುದು ಅಂತಲೇ ಮೊದಲು ಕಿವಿ ಹೋಗುತ್ತೆ.

1982ರ ಜನವರಿ, ನ್ಯೂಜೆರ್ಸಿಯ ಕೋಲ್ಟ್ಸ್ ನೆಕ್‌ನ ಬಾಡಿಗೆ ಮನೆ. ಟ್ಯಾಸ್ಕ್ಯಾಮ್ 144 ಅನ್ನೋ ಕ್ಯಾಸೆಟ್ ರೆಕಾರ್ಡರ್, ಎರಡು ಶೂರ್ ಎಸ್‌ಎಂ57 ಮೈಕು, ಒಬ್ಬ ಮನುಷ್ಯ. ಮಾಮೂಲಿ ಕ್ಯಾಸೆಟ್ಟಿನ ಟೇಪಿನಲ್ಲಿ ನಾಲ್ಕು ಟ್ರ್ಯಾಕ್, ಅಂದರೆ ದನಿ ತುಂಬುವ ನಾಲ್ಕು ಬೇರೆಬೇರೆ ಪಟ್ಟಿ ಇರುತ್ತೆ: ಎ ಸೈಡಿಗೆ ಎರಡು, ಬಿ ಸೈಡಿಗೆ ಎರಡು. ಈ ಯಂತ್ರ ನಾಲ್ಕನ್ನೂ ಒಂದೇ ದಿಕ್ಕಿಗೆ ಓಡಿಸುತ್ತೆ. ಎರಡರಲ್ಲಿ ಗಿಟಾರು, ದನಿ. ಮಿಕ್ಕ ಎರಡರಲ್ಲಿ ಬೇಕೆನಿಸಿದ್ದು. ಅಷ್ಟೇ ಜಾಗ. ಇದೆಲ್ಲ ಬ್ಯಾಂಡಿನವರಿಗೆ ಕೇಳಿಸೋಕೆ ಅಂತ ಮಾಡಿಕೊಂಡಿದ್ದು. ಆಮೇಲೆ ಬ್ಯಾಂಡ್ ಕೂಡಿಸಿ ಸ್ಟುಡಿಯೋದಲ್ಲಿ ನುಡಿಸಿ ನೋಡಿದರೆ ಆ ಕಳೆ ಬರಲಿಲ್ಲ. ಜೇಬಿನಲ್ಲಿ ಡಬ್ಬಿಯೂ ಇಲ್ಲದೆ ತಿರುಗಾಡಿದ್ದ ಅದೇ ಕ್ಯಾಸೆಟ್ ಸೆಪ್ಟೆಂಬರಿನಲ್ಲಿ ಎಲ್‌ಪಿಯಾಗಿ ಬಂತು.

ಐದನೇ ಹಾಡು ‘ಹೈವೇ ಪ್ಯಾಟ್ರೋಲ್‌ಮ್ಯಾನ್’ಗೆ ಬನ್ನಿ. ಅಣ್ಣ ಪೊಲೀಸು, ತಮ್ಮ ಪುಂಡ. ತಮ್ಮ ಬಾರಿನಲ್ಲಿ ಒಬ್ಬನಿಗೆ ಹೊಡೆದು ಕಾರು ಹತ್ತಿ ಓಡುತ್ತಾನೆ. ಅಣ್ಣ ಕೆನಡಾ ಗಡಿಯ ಹತ್ತಿರದವರೆಗೂ ಅಟ್ಟಿಸಿಕೊಂಡು ಹೋಗಿ, ರಸ್ತೆ ಪಕ್ಕ ಗಾಡಿ ನಿಲ್ಲಿಸಿಬಿಡುತ್ತಾನೆ. ತಮ್ಮನ ಕಾರಿನ ಹಿಂದಿನ ದೀಪ ಕಾಣದಾಗುತ್ತೆ. ಶಿರಾಡಿ ಘಾಟಿಯಲ್ಲಿ ಮುಂದಿನ ಲಾರಿಯ ಕೆಂಪು ದೀಪ ತಿರುವಿನಲ್ಲಿ ಮರೆಯಾಗೋದನ್ನ ನೋಡಿದವರಿಗೆ ಇದು ಕಣ್ಣಿಗೆ ಕಟ್ಟುತ್ತೆ. ಅಲ್ಲೂ ದನಿ ಏರಲ್ಲ, ಗಿಟಾರು ಓಡಲ್ಲ. ನನಗೆ ಗಂಟಲು ಕಟ್ಟಿಕೊಂಡಿತು.

ನಮ್ಮ ಕಡೆ ಆರ್ಕೆಸ್ಟ್ರಾದವರು ಮೈಕು ಹಿಡಿದ ತಕ್ಷಣ ‘ಎಕೋ ಸ್ವಲ್ಪ ಜಾಸ್ತಿ ಕೊಡಿ ಅಣ್ಣ’ ಅಂತಾರೆ. ದನಿಯ ಓರೆಕೋರೆ ಮುಚ್ಚಲಿ ಅಂತ. ಇಲ್ಲೂ ಎಕೋ ಇದೆ, ಎಕೋಪ್ಲೆಕ್ಸ್ ಅನ್ನೋ, ಟೇಪಿನಿಂದ ದನಿ ಮರುಕಳಿಸುವ ಯಂತ್ರದ್ದು. ಅದು ಯಾವುದನ್ನೂ ಮುಚ್ಚಲ್ಲ, ಮನೆ ಎಷ್ಟು ಖಾಲಿ ಇದೆ ಅಂತ ತೋರಿಸುತ್ತೆ. ‘ಸ್ಟೇಟ್ ಟ್ರೂಪರ್’ ಕೇಳುವಾಗ ವಾಲ್ಯೂಮ್ ತಗ್ಗಿಸಿಕೊಳ್ಳಿ, ಕೊನೆಯಲ್ಲಿ ಇದ್ದಕ್ಕಿದ್ದಂತೆ ಕಿರುಚುತ್ತಾರೆ.

‘ಓಪನ್ ಆಲ್ ನೈಟ್’ ಮಾತ್ರ ನನಗೆ ಹಿಡಿಸಲಿಲ್ಲ. ಅದರ ಎಲೆಕ್ಟ್ರಿಕ್ ಗಿಟಾರು ಉಳಿದ ಒಂಬತ್ತು ಹಾಡಿನ ಜೊತೆ ಕೂರಲ್ಲ. ಒಂದೆರಡು ಹಾಡಿನ ಧಾಟಿ ಒಂದೇ ಥರ ಅನ್ನಿಸೋದೂ ನಿಜ.

ಮನೆಯಲ್ಲೇ ಹಾಡು ರೆಕಾರ್ಡ್ ಮಾಡೋಕೆ ಮೈಕು ಕೇಳಿಕೊಂಡು ಹುಡುಗರು ಬರುತ್ತಿರುತ್ತಾರೆ. ಅವರಿಗೆಲ್ಲ ಮೊದಲು ಇದನ್ನ ಕೇಳಿಸ್ತೀನಿ. ಆಮೇಲೆ, ಫ್ಯಾನ್ ಆರಿಸಿ, ಮೈಕಿಗೆ ಗೇಣು ದೂರ ಕೂತು, ಹಾಡನ್ನ ಒಂದೇ ಸಲಕ್ಕೆ ಪೂರ್ತಿ ಹಾಡಿಕೊಂಡು ಬನ್ನಿ, ಬೇರೆ ವಾದ್ಯ ಬೇಕೋ ಬೇಡವೋ ಆಮೇಲೆ ನೋಡೋಣ ಅಂತೀನಿ.