ಗ್ಲೇಜ್ಡ್ ಸೆರಾಮಿಕ್ ಟೈಲ್ಸ್: ಗೋಡೆಗೆ ಸೈ, ಮುಂಬಾಗಿಲಿಗೆ ಬೇಡ (ಕೋಲಾರದ ದೂಳು, ಬೋರ್ ನೀರಲ್ಲಿ ಹತ್ತು ವರ್ಷ ದಾಟಿದ ಬಳಕೆ)

ಅಂಕ ಮೊದಲೇ ಹೇಳಿಬಿಡೋಣ. ಅಡುಗೆಮನೆ, ಬಚ್ಚಲುಮನೆ ಗೋಡೆಗೆ ಐದಕ್ಕೆ ಐದು. ಮಲಗುವ ಕೋಣೆಯ ನೆಲಕ್ಕೆ ನಾಲ್ಕು. ಮುಂಬಾಗಿಲು ದಾಟಿ ಒಳಗೆ ಮೊದಲ ಆರೇಳು ಅಡಿಗೆ ಎರಡು. ಮೆಟ್ಟಿಲಿಗೆ ಸೊನ್ನೆ. ಟೈಲ್ಸ್ ಅದೇ, ಅಂಕ ಮಾತ್ರ ಜಾಗಕ್ಕೊಂದು.

ಕಾರಣ ಸರಳ. ಬಣ್ಣ, ಹೊಳಪು, ಡಿಸೈನ್ ಎಲ್ಲ ಇರುವುದು ಮೇಲಿನ ಗಾಜಿನಂಥ ಪದರದಲ್ಲಿ, ಅದಕ್ಕೇ ಗ್ಲೇಜ್ ಎನ್ನುವುದು. ಅದರ ದಪ್ಪ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ. ಕೆಳಗಿರುವುದು ಸುಟ್ಟ ಮಣ್ಣು. ಖನಿಜಗಳ ಗಡಸುತನ ಅಳೆಯುವ ಮೋಸ್ ಪಟ್ಟಿಯಲ್ಲಿ ಗ್ಲೇಜ್ 5ರಿಂದ 6ರ ಆಸುಪಾಸು, ಮರಳಿನ ಸ್ಫಟಿಕ 7. ನಮ್ಮ ಕಡೆ ಕ್ರಷರ್ ದೂಳಿನಲ್ಲೂ ಕೆಮ್ಮಣ್ಣಿನಲ್ಲೂ ಇರುವುದು ಇದೇ ಸ್ಫಟಿಕ. ಚಪ್ಪಲಿಗೆ ಅಂಟಿ ಬಂದ ಪುಡಿ ಬಾಗಿಲ ಬಳಿ ಉದುರುತ್ತದೆ, ಓಡಾಡುವವರ ಕಾಲು ಅದನ್ನೇ ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ಎರಡು ಮೂರು ವರ್ಷಕ್ಕೆ ಹೊಳಪು ಮಂಕಾಗುತ್ತದೆ, ಆಮೇಲೆ ಎಷ್ಟು ಒರೆಸಿದರೂ ಆ ದಾರಿ ಕೊಳೆಯಾಗಿಯೇ ಕಾಣುತ್ತದೆ. ಗಾಢ ಬಣ್ಣದ ಹೊಳಪಿನ ಟೈಲ್ಸ್‌ನಲ್ಲಿ ಇದು ಬೇಗ ಎದ್ದು ಕಾಣುತ್ತದೆ, ತಿಳಿ ಬಣ್ಣದ ಮ್ಯಾಟ್‌ನಲ್ಲಿ ಬಹಳ ಕಾಲ ಅಡಗಿರುತ್ತದೆ. ಪಾಲಿಶ್ ಹಾಕಿಸಿದರೆ ಸರಿಹೋಗುತ್ತದೆ ಎನ್ನುವವರ ಮಾತು ಕೇಳಬೇಡಿ. ಉಜ್ಜಿದರೆ ಡಿಸೈನೇ ಹೋಗುತ್ತದೆ.

ಸವೆತ ತಡೆಯುವ ಶಕ್ತಿಗೆ ಪಿಇಐ ಎಂಬ ದರ್ಜೆ ಇದೆ, 0ಯಿಂದ 5ರವರೆಗೆ. 0 ಅಂದರೆ ಗೋಡೆಗೆ ಮಾತ್ರ. ಮನೆಯ ಒಳಕೋಣೆಗಳಿಗೆ 3 ಸಾಕು. ಬಾಗಿಲ ಬಳಿ, ಓಣಿ, ಸಣ್ಣ ಅಂಗಡಿಗೆ 4 ಬೇಕು. ಬಾಕ್ಸ್ ಮೇಲೆ ಇದನ್ನು ಎಲ್ಲರೂ ಅಚ್ಚು ಹಾಕುವುದಿಲ್ಲ, ಅಂಗಡಿಯವರಿಂದ ಕಂಪನಿಯ ಕ್ಯಾಟಲಾಗ್ ತರಿಸಿ ನೋಡಬೇಕು. ಇನ್ನೊಂದು ವಿಷಯ: 'ಇದು ವಿಟ್ರಿಫೈಡ್ ಸಾರ್, ಗೀರೇ ಬೀಳಲ್ಲ' ಎಂದು ಜಿವಿಟಿ (ಗ್ಲೇಜ್ಡ್ ವಿಟ್ರಿಫೈಡ್ ಟೈಲ್ಸ್) ತೋರಿಸುತ್ತಾರೆ. ಅದರ ಒಳಗಿನ ಮೈ ಗಟ್ಟಿ, ನಿಜ. ಆದರೆ ಮೇಲಿರುವುದು ಅಲ್ಲೂ ಗ್ಲೇಜೇ. ಬಾಗಿಲ ಬಳಿಗೆ ಬಣ್ಣದ ಪದರ ಮೂರು ನಾಲ್ಕು ಮಿಲಿಮೀಟರ್ ದಪ್ಪ ಇರುವ ಡಬಲ್ ಚಾರ್ಜ್ ವಿಟ್ರಿಫೈಡ್ ಟೈಲ್ಸ್ ತೆಗೆದುಕೊಳ್ಳಿ, ಇಲ್ಲವೇ ಗ್ರಾನೈಟ್ ಹಾಕಿಸಿ. ಕಲ್ಲು ಕೈಗೆಟುಕುವ ನಮ್ಮ ಜಿಲ್ಲೆಯಲ್ಲಿ ಮೆಟ್ಟಿಲಿಗೆ ಸೆರಾಮಿಕ್ ಹಾಕಿಸುವುದು ಯಾಕೋ ಅರ್ಥವಾಗದು. ಅಂಚಿನಲ್ಲಿ ಒಂದು ಚೂರು ಹಾರಿದರೆ ಕೆಳಗಿನ ಮಣ್ಣಿನ ಬಣ್ಣ ಕಾಣುತ್ತದೆ.

ಇನ್ನು ನೀರು. ಐಎಸ್ 15622 ಎಂಬ ಭಾರತೀಯ ಮಾನದಂಡ ಟೈಲ್ಸ್‌ಗಳನ್ನು ನೀರು ಹೀರುವ ಪ್ರಮಾಣದ ಮೇಲೆ ವಿಂಗಡಿಸುತ್ತದೆ: 0.5% ಒಳಗಿದ್ದರೆ ವಿಟ್ರಿಫೈಡ್, 3ರಿಂದ 6% ಸಾಮಾನ್ಯ ನೆಲದ ಸೆರಾಮಿಕ್, 10% ದಾಟಿದರೆ ಗೋಡೆಯ ಟೈಲ್ಸ್. ಅನುಮಾನ ಇದ್ದರೆ ಮನೆಯಲ್ಲೇ ಅಂದಾಜು ಮಾಡಬಹುದು. ಒಣ ಟೈಲ್ಸ್ ತೂಗಿ, ಒಂದು ಹಗಲು ಒಂದು ರಾತ್ರಿ ನೀರಲ್ಲಿ ಮುಳುಗಿಸಿ, ಒರೆಸಿ ಮತ್ತೆ ತೂಗಿ. ಎರಡು ಕೆಜಿಯ ಟೈಲ್ಸ್ 200 ಗ್ರಾಂಗಿಂತ ಹೆಚ್ಚು ನೀರು ಕುಡಿದರೆ ಅದು ಗೋಡೆಯದು. ಅಂಗಡಿಯಲ್ಲಾದರೆ ಹಿಂಬದಿಗೆ ಒಂದು ಹನಿ ನೀರು ಹಾಕಿದರೂ ಸಾಕು, ಗೋಡೆಯ ಟೈಲ್ಸ್ ಬೇಗನೆ ಹೀರಿಕೊಳ್ಳುತ್ತದೆ. ಡಿಸೈನ್ ಚೆನ್ನಾಗಿದೆ ಎಂದು 12x18 ಇಂಚಿನ ಗೋಡೆ ಟೈಲ್ಸನ್ನೇ ಬಚ್ಚಲ ನೆಲಕ್ಕೂ ಹಾಕಿಸಿದರೆ ಜಾರಿ ಬೀಳುವುದು ಒಂದು ಕಡೆ, ಕೊಡ ಬಿದ್ದರೆ ಒಡೆಯುವುದು ಇನ್ನೊಂದು ಕಡೆ. ಬಚ್ಚಲ ನೆಲಕ್ಕೆ ಜಾರದ (ಆಂಟಿ ಸ್ಕಿಡ್) 1x1 ಅಡಿಯ ಟೈಲ್ಸ್ ಸರಿ. ತುಂಬಾ ತರಿತರಿ ಇರುವುದನ್ನು ಮಾತ್ರ ಬಿಡಿ, ಸೋಪು ಮತ್ತು ಗಡಸು ನೀರು ಸೇರಿದ ಜಿಡ್ಡು ಆ ಗುಳಿಗಳಲ್ಲಿ ಕೂತರೆ ಬ್ರಶ್‌ಗೂ ಬಗ್ಗುವುದಿಲ್ಲ.

ಹತ್ತು ವರ್ಷದಲ್ಲಿ ಟೈಲ್ಸ್‌ಗಿಂತ ಮೊದಲು ಸೋಲುವುದು ಎರಡು ಟೈಲ್ಸ್ ನಡುವಿನ ಸಂದು. ಬೋರ್ ನೀರಿನ ಬಿಳಿ ಕಲೆ ತೆಗೆಯಲು ಆಸಿಡ್ ಸುರಿಯುತ್ತಾರೆ. ಕೆಲಸ ಮುಗಿದ ದಿನ ಮೇಸ್ತ್ರಿಯೇ ಅದನ್ನು ಶುರು ಮಾಡಿಕೊಟ್ಟು ಹೋಗಿರುತ್ತಾರೆ! ಗ್ಲೇಜ್ ತಡೆದುಕೊಳ್ಳುತ್ತದೆ, ಸಂದಿನ ವೈಟ್ ಸಿಮೆಂಟ್ ಕರಗುತ್ತದೆ. ಅಲ್ಲಿಂದ ನೀರು ಹಿಂದಕ್ಕೆ ಇಳಿಯುತ್ತದೆ. ತೇವ ಕುಡಿದ ಮೈ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಹಿಗ್ಗುತ್ತದೆ, ಗ್ಲೇಜ್ ಹಿಗ್ಗುವುದಿಲ್ಲ, ಹಾಗಾಗಿ ಕೂದಲೆಳೆಯಂಥ ಬಿರುಕಿನ ಬಲೆ ಮೂಡುತ್ತದೆ. ಒಮ್ಮೆ ಮೂಡಿದ ಮೇಲೆ ರಿಪೇರಿ ಇಲ್ಲ. ಬಿಳಿ ಕಲೆಗೆ ನಿಂಬೆ ಉಪ್ಪು ಸಾಕು: ಒಂದು ಲೀಟರ್ ನೀರಿಗೆ ಎರಡು ಚಮಚ. ಮೊದಲು ಬರೀ ನೀರಿನಿಂದ ಸಂದುಗಳನ್ನು ನೆನೆಸಿ (ಹುಳಿ ಒಳಗೆ ಇಳಿಯದಿರಲಿ ಎಂದು), ಆಮೇಲೆ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಒಟ್ಟಿಗೆ ಎಂದಿಗೂ ಬಳಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ತುಕ್ಕು ತೆಗೆಯುವ ದ್ರವದಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಇದ್ದರೆ ಅದು ಗ್ಲೇಜನ್ನೇ ತಿನ್ನುತ್ತದೆ.

ಅಡುಗೆಮನೆಯಲ್ಲಿ ಒಗ್ಗರಣೆಯ ಎಣ್ಣೆ, ಅರಿಶಿನ ಟೈಲ್ಸ್ ಮೇಲೆ ನಿಲ್ಲುವುದೇ ಇಲ್ಲ, ಸೋಪು ನೀರಿಗೆ ಹೋಗುತ್ತದೆ. ಹಳದಿಯಾಗುವುದು ಸಂದು. ಒಲೆಯ ಹಿಂದಿನ ಗೋಡೆಗೆ ಮತ್ತು ಬಚ್ಚಲಿಗೆ ಎಪಾಕ್ಸಿ ಗ್ರೌಟ್‌ಗೆ (ಸಂದು ತುಂಬುವ ರಾಳದ ಅಂಟಿಗೆ) ಕೊಟ್ಟ ದುಡ್ಡು ದಂಡವಲ್ಲ. ಗ್ಯಾಸ್ ಸಿಲಿಂಡರನ್ನು ನೆಲದ ಮೇಲೆ ಎಳೆಯಬೇಡಿ, ಅದರ ತಳದ ಬಳೆ ಗೀರುತ್ತದೆ, ತುಕ್ಕಿನ ಕಲೆಯನ್ನೂ ಬಿಡುತ್ತದೆ. ಚಕ್ರದ ಸ್ಟ್ಯಾಂಡ್ ಇಡಿ.

ಹಾಕಿಸುವಾಗ ಎರಡು ಕಡೆ ಜಗಳವಾಡಿಯಾದರೂ ಸರಿ, ಪಟ್ಟು ಹಿಡಿಯಿರಿ. ಒಂದು, ಹಿಂಬದಿಗೆ ನಾಲ್ಕು ಮೂಲೆ, ನಡುವೆ ಒಂದು ಎಂದು ಉಂಡೆ ಇಟ್ಟು ಒತ್ತುವುದು ಬೇಡ. ಅಂಟು ಪೂರ್ತಿ ಹರಡಬೇಕು. ಖಾಲಿ ಉಳಿದ ಮೂಲೆ ಟೊಳ್ಳು ಸದ್ದು ಮಾಡುತ್ತದೆ, ಮೊದಲ ಪೆಟ್ಟಿಗೇ ಒಡೆಯುತ್ತದೆ. ಸಿಮೆಂಟ್ ಗಾರೆಯಲ್ಲಿ ಕೂರಿಸುವುದಾದರೆ ಗೋಡೆ ಟೈಲ್ಸ್ ಮೊದಲೇ ನೀರಲ್ಲಿ ನೆನೆದಿರಬೇಕು, ಇಲ್ಲದಿದ್ದರೆ ಗಾರೆಯ ನೀರನ್ನೆಲ್ಲ ಅದೇ ಕುಡಿದುಬಿಡುತ್ತದೆ. ಎರಡು, ಸಂದು ಬಿಡದೆ ಒತ್ತಾಗಿ ಜೋಡಿಸುವುದು ಬೇಡ. ಎರಡು ಮೂರು ಮಿಲಿಮೀಟರ್ ಸ್ಪೇಸರ್, ಹಾಲ್‌ನಲ್ಲಿ ಗೋಡೆಯ ಪಕ್ಕ ಸ್ಕರ್ಟಿಂಗ್ ಅಡಿಯಲ್ಲಿ ಐದಾರು ಮಿಲಿಮೀಟರ್ ಖಾಲಿ ಜಾಗ ಇರಲಿ. ಬೇಸಿಗೆಯಲ್ಲಿ ಹಿಗ್ಗಲು ಜಾಗವಿಲ್ಲದ ನೆಲ ಒಂದು ಮಧ್ಯಾಹ್ನ ಢಬ್ ಎಂದು ಗುಡಾರದಂತೆ ಎದ್ದು ನಿಲ್ಲುತ್ತದೆ.

ಬಾಕ್ಸ್‌ಗಳ ಬ್ಯಾಚ್ ಮತ್ತು ಶೇಡ್ ನಂಬರ್ ಒಂದೇ ಇದೆಯೇ ನೋಡಿ ಇಳಿಸಿಕೊಳ್ಳಿ. ಕಟಿಂಗ್ ವೇಸ್ಟ್ ಸೇರಿ ಲೆಕ್ಕಕ್ಕಿಂತ 10% ಹೆಚ್ಚು ತಂದು, ಉಳಿದ ಬಾಕ್ಸ್ ಅಟ್ಟದಲ್ಲಿ ನಿಲ್ಲಿಸಿಡಿ. ಡಿಸೈನ್‌ಗಳು ಬೇಗ ಬದಲಾಗುತ್ತವೆ. ಮುಂದೆ ಒಂದು ಟೈಲ್ಸ್ ಬದಲಿಸಬೇಕಾದರೆ ಮೊದಲು ಸುತ್ತಲಿನ ಗ್ರೌಟ್ ಕೆರೆದು ತೆಗೆಸಿ, ಆಮೇಲೆ ನಡುವಿನಿಂದ ಅಂಚಿನ ಕಡೆಗೆ ಒಡೆಸಿ. ಅಂಚಿಗೆ ಉಳಿ ಇಟ್ಟು ಎಬ್ಬಿಸಿದರೆ ಪಕ್ಕದ ಟೈಲ್ಸ್‌ನ ಗ್ಲೇಜೂ ಹಾರುತ್ತದೆ.