ಕಿರುಚಿತ್ರ ರೆಡಿ: ಫೆಸ್ಟಿವಲ್ ಮೊದಲಾ, ಯೂಟ್ಯೂಬ್ ಮೊದಲಾ?

ಮಲ್ಪೆಯಲ್ಲಿ ಮೀನು ಮಾರುವ ತುಳು ಹೆಂಗಸು, ಮಣಿಪಾಲಕ್ಕೆ ಓದಲು ಬಂದ ಮಲೇಷ್ಯಾದ ಹುಡುಗಿ. ಇವರಿಬ್ಬರ ಮೇಲೆ 18 ನಿಮಿಷದ ಚಿತ್ರ ಮಾಡಿದ್ದೀರಿ. ಎಲ್ಲಿ ಬಿಡಲಿ ಅಂತ ಕೇಳಿದ್ದೀರಿ.

ಖರ್ಚಿನಲ್ಲಿ ಯೂಟ್ಯೂಬ್ ಪುಕ್ಕಟೆ. ಫೆಸ್ಟಿವಲ್‌ಗಳಿಗೆ ಹೆಚ್ಚಾಗಿ ಫಿಲ್ಮ್‌ಫ್ರೀವೇ ಎಂಬ ವೆಬ್‌ಸೈಟ್ ಮೂಲಕ ಕಳಿಸಬೇಕು. ಹಲವು ಕಡೆ ಶುಲ್ಕ ಡಾಲರ್‌ನಲ್ಲಿ, ಆಯ್ಕೆ ಆಗದಿದ್ದರೂ ವಾಪಸ್ ಬರೋದಿಲ್ಲ. ದುಡ್ಡು ಕೊಟ್ಟವರಿಗೆಲ್ಲ ಪ್ರಶಸ್ತಿ ಹಂಚುವ ಆನ್‌ಲೈನ್ ಸ್ಪರ್ಧೆಗಳೂ ಇವೆ. ಅವು ಪೋಸ್ಟರ್‌ಗೆ ಚೆಂದ, ಅಷ್ಟೇ.

ಹಣಕ್ಕಿಂತ ದೊಡ್ಡದು ಯಾವುದು ಮೊದಲು ಅನ್ನೋ ಕ್ರಮ. ಯೂಟ್ಯೂಬ್‌ಗೆ ಹಾಕಿದ ಮೇಲೆ, ಪ್ರೀಮಿಯರ್ (ಮೊದಲ ಸಾರ್ವಜನಿಕ ಪ್ರದರ್ಶನ) ಬೇಕೆನ್ನುವ ಫೆಸ್ಟಿವಲ್‌ಗಳು ಕೈತಪ್ಪಿದ ಹಾಗೇ. ಬೆಂಗಳೂರು ಅಂತರರಾಷ್ಟ್ರೀಯ ಕಿರುಚಿತ್ರೋತ್ಸವದಲ್ಲಿ ಗೆದ್ದರೆ ಆಸ್ಕರ್ ಸ್ಪರ್ಧೆಗೆ ಅರ್ಹತೆ ಸಿಗುವ ವಿಭಾಗಗಳಿವೆ. ಆಸ್ಕರ್‌ಗೆ ಚಿತ್ರ 40 ನಿಮಿಷ ಮೀರಬಾರದು, ಅರ್ಹತೆಗೆ ಮೊದಲೇ ನೆಟ್‌ನಲ್ಲಿ ಬಂದಿರಲೂ ಬಾರದು. ಅದು ದೂರದ ಮಾತು, ನಿಜ. ಆದರೂ ಆ ದಾರಿಯನ್ನು ಸುಮ್ನೆ ಯಾಕೆ ಮುಚ್ಚಬೇಕು?

ಕಾಯುವ ತಾಳ್ಮೆಯೂ ಬೇಕು. ಫೆಸ್ಟಿವಲ್ ಸುತ್ತು ಮುಗಿಯಲು ವರ್ಷವೇ ಹಿಡಿಯಬಹುದು. ಯೂಟ್ಯೂಬ್‌ನಲ್ಲಿ ಸಂಜೆಗೇ ಕಮೆಂಟ್ ಬರುತ್ತದೆ, ಗಲ್ಫ್‌ನಲ್ಲಿರುವ ನಮ್ಮ ಕರಾವಳಿಯವರೂ ನೋಡುತ್ತಾರೆ.

ಸಬ್‌ಟೈಟಲ್ ಎರಡಕ್ಕೂ ಬೇಕು. ಮೀನಿನ ಚೌಕಾಸಿ ದೃಶ್ಯದಲ್ಲಿ ತುಳು ಮಾತು ಪಟಪಟ ಓಡುತ್ತದೆ. ಪ್ರತಿ ಪದ ಹಾಕಿದರೆ ಓದುವಷ್ಟರಲ್ಲಿ ಶಾಟ್ ಮುಗಿದಿರುತ್ತದೆ. ಎರಡು ಸಾಲು ದಾಟಿಸಬೇಡಿ.

ಮುಂದಿನ ಚಿತ್ರಕ್ಕೆ ಹೊರಗಿನ ನಿರ್ಮಾಪಕರನ್ನು ಹುಡುಕುವವರಿಗೆ ಫೆಸ್ಟಿವಲ್ ಮೊದಲು. ಜಾಹೀರಾತು, ವೆಬ್ ಸರಣಿಯ ಕೆಲಸ ಬೇಗ ಬೇಕಾದವರಿಗೆ ಯೂಟ್ಯೂಬೇ ಸರಿ. ಫೆಸ್ಟಿವಲ್‌ಗೆ ಕಾಯುವಾಗ ತಂಡದವರು ನೋಡಬೇಕು ಅಂತ ಒತ್ತಾಯಿಸಿದರೆ ಉಡುಪಿಯಲ್ಲಿ ಒಂದು ಸಣ್ಣ ಹಾಲ್ ಹಿಡಿದು, ಕರೆದವರಿಗೆ ಮಾತ್ರ ತೋರಿಸಿ.